ನಡುಪಟ್ಟಿ

“ಈಗ ನೋಡ್ರೋ, ಈಗ! ಅಸಲಿ ಆಟ ಶುರುವಾಗೋದೇ ಇಲ್ಲಿಂದ,” ಎಂದು ಜಯಂತ್ ಸೋಫಾದ ತುದಿಗೆ ಜಾರಿ ಕುಳಿತು ಟೀವಿಯ ದನಿ ಏರಿಸಿದ. ಕೆನ್ಮೋರಿನ ಆ ಮನೆಯ ತುಂಬ ನೀರು ಭೋರ್ಗರೆಯಿತು.

ಪರದೆಯ ಮೇಲೆ ಎರಡು ಕಪ್ಪು ಬಂಡೆಗಳು. ಅವುಗಳ ನಡುವೆ ಮನುಷ್ಯ ಅಡ್ಡ ತಿರುಗಿದರಷ್ಟೇ ತೂರಬಹುದಾದ ಸಂದಿ. ಅದರೊಳಗೆ ಹೊಳೆ ಮೈ ಹಿಂಡಿಕೊಂಡು ಓಡುತ್ತಿತ್ತು. ಮೂರು ವಾರದ ಹಿಂದೆ ಹವಾಯಿಯ ದ್ವೀಪವೊಂದರಲ್ಲಿ ಅವನೂ ಹೆಂಡತಿ ತ್ರಿವೇಣಿಯೂ ಹಗ್ಗ ಹಿಡಿದು ಇಳಿದ ಕಣಿವೆ ಅದು. ವಿಡಿಯೋ ತೆಗೆದದ್ದು ಜಯಂತನ ಹೆಲ್ಮೆಟ್ಟಿಗೆ ಕಚ್ಚಿಸಿದ್ದ ಪುಟ್ಟ ಕ್ಯಾಮೆರಾ. ಅವನ ತಲೆ ಎತ್ತ ತಿರುಗಿದರೆ ಅದೂ ಅತ್ತ.

ತ್ರಿವೇಣಿಗೆ ತಟ್ಟೆಯಲ್ಲಿದ್ದದ್ದು ಸೇರಲಿಲ್ಲ. ಬಂಡೆಯ ಪಾಚಿ ಕಂಡೊಡನೆ ಅದರ ಲೋಳೆ ಅಂಗೈಗೆ ಮತ್ತೆ ಮೆತ್ತಿದಂತಾಯಿತು. ಮೇಲೆಲ್ಲೋ ಸತ್ತ ಕಾಡುಹಂದಿಯದೋ ಕೊಳೆತ ಸೀಬೆಹಣ್ಣಿನದೋ, ಆ ನೀರಿಗೆ ಒಂದು ಸಿಹಿ ನಾತವಿತ್ತು. ಎರಡನೆಯ ಜಲಪಾತದ ಅರ್ಧದಲ್ಲಿ ಹಗ್ಗಕ್ಕೆ ಸಿಕ್ಕಿಸಿದ್ದ ಅವಳ ನಡುಪಟ್ಟಿ ಬಿಟ್ಟುಕೊಂಡು, ತೊಡೆಯ ಕುಣಿಕೆಗಳಷ್ಟೇ ಹಿಡಿದು, ಅವಳು ತಲೆಕೆಳಗಾಗಿ ನೇತಾಡಿದ್ದಳು. ಅದೇ ನೀರು ಮೂಗಿಗೂ ಬಾಯಿಗೂ ನುಗ್ಗಿತ್ತು. ಕೆಳಗಿದ್ದ ಗೈಡ್ ಸರ್ರನೆ ಹಗ್ಗ ಸಡಿಲಿಸಿ ಕೊಳಕ್ಕೆ ಇಳಿಸಿಕೊಂಡಿದ್ದಕ್ಕೆ ಈಗ ಇಲ್ಲಿ ಕೂತಿದ್ದಾಳೆ.

ಅಂದಿನಿಂದ ಗಂಡ ಹೇಳುವ ಕತೆಯದು ಒಂದೇ ಧಾಟಿ. ಜಯಂತ್ ಪಟ್ಟಿಯನ್ನು ಎಳೆದು ನೋಡಿ ಸರಿಯಾಗಿದೆ ಎಂದಿದ್ದ. ಆಮೇಲೆ ಇವಳೇ ಏನೋ ಕೈಯಾಡಿಸಿ ಸಡಿಲ ಮಾಡಿಕೊಂಡಿದ್ದಾಳೆ. ಆ ಜಲಪಾತಕ್ಕೆ ಮೊದಲು, ಮಧ್ಯಾಹ್ನ ಬಂಡೆಯ ಮೇಲೆ ಊಟಕ್ಕೆ ಕೂತಾಗ ಎಲ್ಲರೂ ಪಟ್ಟಿ ಬಿಚ್ಚಿದ್ದು ನಿಜ. ಮತ್ತೆ ಕಟ್ಟಿಕೊಳ್ಳುವಾಗ ತುದಿಯನ್ನು ಜಾರದಂತೆ ಬಕಲಿನಲ್ಲಿ ಎರಡನೆಯ ಸಲ ಪೋಣಿಸಿದೆನೋ ಇಲ್ಲವೋ, ತ್ರಿವೇಣಿಗೆ ನೆನಪೇ ಇಲ್ಲ. ಹಾಗಾಗಿ ಗಂಡ ಹೇಳಿದ್ದನ್ನು ನಂಬಿದ್ದಳು. ನಂಬಿ, ತನ್ನ ಕೈಗಳನ್ನೇ ನಂಬದಂತಾಗಿದ್ದಳು. ಒಲೆ ಆರಿಸಿದ್ದನ್ನು ಮೂರು ಮೂರು ಸಲ ನೋಡುವಳು. 405 ನಂಬರಿನ ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನು ಬಿಟ್ಟೇಬಿಟ್ಟಿದ್ದಳು.

“ನಮ್ಮಾಕಿ ಸಣ್ಣಾಕಿ ಇದ್ದಾಗಿಂದ ಹಿಂಗ,” ಎಂದರು ಗಂಗಮ್ಮ. ಮಗಳ ಮನೆಗೆಂದು ಗದಗಿನಿಂದ ಬಂದು ತಿಂಗಳಾಗಿತ್ತು. “ಲಂಗದ ಲಾಡಿ ಸುದ್ದಾ ಗಟ್ಟ್ಯಾಗಿ ಕಟ್ಕೊತಿದ್ದಿಲ್ಲ. ಸಾಲಿಗೆ ಪಿನ್ನ ಹಾಕಿ ಕಳಸ್ತಿದ್ನಿ.”

“ಆಂಟಿ, ನೀವೂ ಹೋಗಿದ್ರೆ ಪಿನ್ ಹಾಕಿ ಇಳಿಸ್ತಿದ್ರಿ!” ಎಂದ ಧನಂಜಯ. ನಾರ್ತ್ ಕ್ರೀಕಿನ ಆಫೀಸಿನಲ್ಲಿ ಜಯಂತನ ಪಕ್ಕದ ಮೇಜಿನವನು. ಭಾನುವಾರದ ಊಟಕ್ಕೆ ಹೆಂಡತಿ ಮೈತ್ರಿಯ ಜೊತೆ ಬಂದಿದ್ದ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ನಕ್ಕ. ಹೂರಣದ ಪುಡಿ ಅವನ ಗದ್ದಕ್ಕೆ ಅಂಟಿತ್ತು. ತ್ರಿವೇಣಿ ಮುಖ ತಿರುಗಿಸಿದಳು.

ಟೀವಿಯಲ್ಲಿ ಎರಡನೆಯ ಜಲಪಾತದ ಬಾಯಿ ಬಂತು. ಮೊದಲೇ ಇಳಿದಿದ್ದ ಗೈಡ್ ಕೆಳಗಿನಿಂದ, ಒಬ್ಬರ ಪಟ್ಟಿ ಇನ್ನೊಬ್ಬರು ನೋಡಿ ಎಂದು ಕೂಗಿದ್ದು ನೀರಿನ ಸದ್ದಿನಲ್ಲೂ ಕೇಳಿಸಿತು. ಚಿತ್ರ ಬಂಡೆಯಿಂದ ಆಕಾಶಕ್ಕೆ ಏರಿತು. ಅಲ್ಲೊಂದು ಉದ್ದ ಬಾಲದ ಬಿಳಿ ಹಕ್ಕಿ ಸುತ್ತುತ್ತಿತ್ತು. ಆಮೇಲೆ ಜಯಂತನ ಕೈಗಡಿಯಾರ. ಮತ್ತೆ ಹಕ್ಕಿ. “ಹ್ಞಾಂ, ಆಯ್ತು! ಇಳಿ, ಇಳಿ,” ಎಂದಿತು ಅವನ ದನಿ. ಕ್ಯಾಮೆರಾ ಕೆಳಗೆ ತಿರುಗಿದಾಗ ತ್ರಿವೇಣಿಯ ಕೆಂಪು ಹೆಲ್ಮೆಟ್ ಅಂಚಿನಾಚೆ ಮುಳುಗುತ್ತಿತ್ತು.

“ಎರಡೇ ಸೆಕೆಂಡಲ್ಲಿ ಚೆಕ್ ಮುಗೀತು!” ಧನಂಜಯ ತೊಡೆ ತಟ್ಟಿದ. “ಆಫೀಸಲ್ಲೂ ಇವನು ಹಿಂಗೇನೇ. ತಪ್ಪಿದ್ರೆ ನೋಡು ಅಂತ ನಾನು ಎಂಟುನೂರು ಲೈನ್ ಕೋಡ್ ಕಳಿಸಿ ಒಂದು ಗುಟುಕು ಕಾಫಿ ಕುಡಿಯೋದ್ರೊಳಗೆ ಅಪ್ರೂವ್ಡ್ ಅಂತ ಬಂದಿರುತ್ತೆ. ತೆರೆದೂ ನೋಡಿರಲ್ಲ, ಪುಣ್ಯಾತ್ಮ!”

“ಅದು ನಂಬಿಕೆ ಕಣೋ,” ಎಂದು ಜಯಂತನೂ ನಕ್ಕ.

“ಹಿಂದಕ್ಕೆ ಹಾಕು,” ಎಂದಳು ತ್ರಿವೇಣಿ.

“ಯಾಕೆ, ಮುಂದೆ ಜಂಪ್ ಇದೆ—”

ಅವಳು ರಿಮೋಟ್ ಕಿತ್ತುಕೊಂಡಳು. ಹಕ್ಕಿ, ಗಡಿಯಾರ, ಹಕ್ಕಿ. ಇನ್ನೊಮ್ಮೆ. ಮತ್ತೊಮ್ಮೆ. ಗಡಿಯಾರದ ಮೇಲೆ ಚಿತ್ರವನ್ನು ನಿಲ್ಲಿಸಿದಳು. ಮದುವೆಯಾದಂದಿನಿಂದ ಗಂಡನ ಜೊತೆ ಬೆಂಗಳೂರಿನ ಮಾತನ್ನೇ ಆಡಿಕೊಂಡು ಬಂದವಳ ಬಾಯಿಗೆ ಗದಗಿನ ಮಾತು ತಾನಾಗಿ ಬಂತು.

“ಇದರಾಗ ನನ್ನ ನಡ ಎಲ್ಲೈತಿ?”

“ಕ್ಯಾಮೆರಾ ತಲೆ ಮೇಲಿರುತ್ತೆ ಕಣೆ. ನನ್ನ ಕಣ್ಣು ಕೆಳಗೇ ನೋಡ್ತಿತ್ತು.”

“ಎಳದು ನೋಡೀನಿ ಅಂದಿದ್ದೆಲ್ಲ? ಯಾವ ಕೈಲೆ? ಒಂದು ಕೈ ಗಡಿಯಾರ ತೋರಿಸಾಕತ್ತೈತಿ. ಇನ್ನೊಂದು ಅಲ್ಲಿ ಬಂಡಿಗಲ್ಲು ಹಿಡದೈತಿ, ನೋಡು.”

ಎರಡೂ ಕೈ ಪರದೆಯ ಮೇಲೇ ಇದ್ದವು, ಒದ್ದೆಯಾಗಿ, ದೊಡ್ಡದಾಗಿ. ಮೈತ್ರಿ ಹಪ್ಪಳವನ್ನು ಮುರಿಯದೆ ಹಿಡಿದೇ ಇದ್ದಳು. ಗಂಗಮ್ಮ ಟೀವಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಕೊನೆಗೆ ಧನಂಜಯನೇ ಕೆಮ್ಮಿ, “ಆ ಜಂಪ್ ಹಾಕು ಗುರು,” ಎಂದ. ತ್ರಿವೇಣಿ ರಿಮೋಟನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ನಡೆದಳು.

ಒಲೆಯ ಮೇಲೆ ಗಂಗಮ್ಮ ಬೆಳಿಗ್ಗೆ ಎದ್ದು ಮಾಡಿದ್ದ ಗೋಧಿ ಹುಗ್ಗಿ ಬೆಚ್ಚಗಿತ್ತು. ಬಟ್ಟಲುಗಳನ್ನು ಸಾಲಾಗಿ ಇಡುತ್ತಿರುವಾಗ ಹಿಂದೆಯೇ ಜಯಂತ್ ಬಂದ. ಕ್ಷಮೆ ಕೇಳಲು ಬಂದಿರಬೇಕು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು.

“ಎಲ್ಲರ ಮುಂದೆ ಕೇಳ್ಬೇಕಿತ್ತಾ ಅದನ್ನ?” ಎಂದ ತಗ್ಗಿದ ದನಿಯಲ್ಲಿ. “ನಾಳೆ ಧನಂಜಯ ಇಡೀ ಆಫೀಸಿಗೆ ಹೇಳ್ಕೊಂಡು ಬರ್ತಾನೆ. ಏನಾಯ್ತು ಈಗ ನಿಂಗೆ? ಸರಿಯಾಗೇ ಇದೀಯಲ್ಲ.”

ಹೇಳುತ್ತಲೇ ಸೌಟು ತೆಗೆದು ಒಂದಿಷ್ಟು ಹುಗ್ಗಿಯನ್ನು ಸೊರ್ರೆಂದು ಹೀರಿದ. ಸೌಟಿನ ಬೆನ್ನನ್ನೂ ನೆಕ್ಕಿ, ಅದನ್ನು ಪಾತ್ರೆಯೊಳಗೆ ಅದ್ದಿಟ್ಟ. “ಬೆಲ್ಲ ಸ್ವಲ್ಪ ಕಮ್ಮಿಯಾಗಿದೆ ನೋಡು,” ಎಂದು ಮೀಸೆ ಒರೆಸಿಕೊಳ್ಳುತ್ತ ಹೊರಗೆ ಹೋದ.

ಒಂಬತ್ತು ವರ್ಷದಿಂದ ಅವನು ರುಚಿ ನೋಡುತ್ತಿದ್ದದ್ದು ಹೀಗೆಯೇ. ತ್ರಿವೇಣಿ ಸೌಟನ್ನೇ ನೋಡುತ್ತ ನಿಂತಳು. ಹುಗ್ಗಿಯ ಮೇಲೆ ಕೆನೆ ಸುಕ್ಕುಗಟ್ಟಿ ಸೌಟಿನ ಹಿಡಿಗೆ ಸುತ್ತಿಕೊಂಡಿತ್ತು. ಬಟ್ಟೆಯಿಂದ ಪಾತ್ರೆಯ ಎರಡೂ ಕಿವಿ ಹಿಡಿದು ಎತ್ತಿದಳು.

ಖಾಲಿ ತಟ್ಟೆ ಹಿಡಿದು ಬಂದ ಗಂಗಮ್ಮ ಬಾಗಿಲಲ್ಲೇ ನಿಂತರು. “ಯವ್ವಾ, ಎಲ್ಲಿಗೆ ಒಯ್ತಿ ಅದನ್ನ? ಮಂದಿ ಕುಂತಾರಲ್ಲ ಹುಗ್ಗಿ ಉಣ್ಣಾಕ.”

“ಎಂಜಲಾಗೇತಿ, ಅವ್ವಾ.”

“ಯಾರು…” ಎಂದು ಬಾಯಿ ತೆರೆದವರು ಅಷ್ಟಕ್ಕೇ ನಿಲ್ಲಿಸಿದರು. ಆಚೆ ಜಯಂತ್ ಏನೋ ಹೇಳಿ ನಗುತ್ತಿದ್ದ. ಉಳಿದವರ ನಗು ತಡವಾಗಿ ಬಂತು. ಗಂಗಮ್ಮ ತಟ್ಟೆಗಳನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಹಿತ್ತಲ ಬಾಗಿಲು ತೆರೆದರು. ಗೋಡೆಯ ಬದಿಗಿದ್ದ ಹಸಿಕಸದ ಹಸಿರು ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ ಹಿಡಿದರು.

ಹುಗ್ಗಿ ಮುದ್ದೆಮುದ್ದೆಯಾಗಿ, ನಿಧಾನಕ್ಕೆ, ಡಬ್ಬಿಯೊಳಗಿನ ಕತ್ತರಿಸಿದ ಹುಲ್ಲಿನ ಮೇಲೆ ಬಿತ್ತು. ಒಳಗೆ ಟೀವಿಯಲ್ಲಿ ಯಾರೋ ನೀರಿಗೆ ಧುಮುಕಿದರು. ಗಂಗಮ್ಮ ಮುಚ್ಚಳವನ್ನು ಭುಜಕ್ಕೆ ಆನಿಸಿಕೊಂಡು, ಪಾತ್ರೆಯ ಅಂಚಿಗೆ ಜೋತುಬಿದ್ದ ಗೋಧಿಯ ಕಾಳುಗಳನ್ನು ತೋರುಬೆರಳಿನಿಂದ ಒಂದೊಂದಾಗಿ ಕೆಡವತೊಡಗಿದರು.