ನಲವತ್ತು ಮಂದಿಗೆ ಜಾಗ

“ಹದಿನಾಲ್ಕು ಹಾಸಿಗೆ ಸಿಕ್ಕಿದೆ. ಬೇಕಾಗಿರುವುದು ನಲವತ್ತು,” ಎಂದು ಆಟದ ಟೀಚರ್ ಮಾರಿಕೆ ಇಂಗ್ಲಿಷಿನಲ್ಲಿ ಹೇಳಿ, ಪಟ್ಟಿಯನ್ನು ಮುಮ್ತಾಜಳ ಕಡೆ ತಿರುಗಿಸಿದಳು. “ಇವತ್ತು ನಾಲ್ಕು ಗಂಟೆಗೆ ಲೀಗಿನ ಸಭೆ. ಅಷ್ಟರೊಳಗೆ ನಲವತ್ತಾಗದಿದ್ದರೆ ನಮ್ಮನ್ನು ಬಿಟ್ಟು ಬ್ರಸೆಲ್ಸಿನ ಒಂದು ಶಾಲೆಯನ್ನು ಸೇರಿಸಿಕೊಳ್ಳುತ್ತಾರೆ.”

ಎಂಟು ಇಂಟರ್‌ನ್ಯಾಷನಲ್ ಶಾಲೆಗಳ ವಾಲಿಬಾಲ್ ಲೀಗ್ ಅದು. ಸರದಿಯ ಮೇಲೆ ಒಂದೊಂದು ಶಾಲೆ ಪಂದ್ಯ ನಡೆಸಬೇಕು, ಬಂದ ಆಟಗಾರ್ತಿಯರನ್ನು ತನ್ನ ಮಕ್ಕಳ ಮನೆಗಳಲ್ಲೇ ಇಳಿಸಿಕೊಳ್ಳಬೇಕು. ಆಗದಿದ್ದರೆ ಲೀಗಿನಿಂದ ಹೊರಗೆ. ಈ ಸಲ ಇವರದೇ ಆಮ್ಸ್ಟೆಲ್‌ವೀನ್ ಊರಿನ ಶಾಲೆಯ ಸರದಿ. ಮುಮ್ತಾಜಳ ಮಗಳು ಅಲೀಝಾ ತಂಡದ ಕ್ಯಾಪ್ಟನ್, ಕೊನೆಯ ವರ್ಷ. ಶಾಲೆ ಹೊರಬಿದ್ದರೆ ಅವಳಿಗೆ ಇನ್ನು ಪಂದ್ಯವೇ ಇಲ್ಲ. ಹಾಸಿಗೆ ಸಾಲದೆಂಬ ಸುದ್ದಿ ಕೇಳಿದ ಮೇಲೆ ಹುಡುಗಿ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮುಮ್ತಾಜ್ ಪಟ್ಟಿಯ ಮೇಲೆ ಬೆರಳಾಡಿಸಿದಳು. ತನ್ನ ಹೆಸರಿನ ಮುಂದೆ ಒಂದು. ಬೈಟನ್‌ವೆಲ್ಡರ್ಟ್ ಬಡಾವಣೆಯ ಗೆಳತಿ ಶ್ರಾವ್ಯಳ ಮುಂದೆಯೂ ಒಂದು. ಅಲೀಝಾಳ ಸಹಪಾಠಿ ನಿತಿನ್‌ನ ಮನೆಯವರ ಹೆಸರಿನ ಮುಂದೆ ಸೊನ್ನೆ. ತನ್ನ ಹೆಸರಿನ ಮುಂದೆ ಒಂದು ಎಂದು ಬರೆದವಳು ತಾನೇ. ಮನೆಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಮಂಚ; ಪರರ ಮಕ್ಕಳನ್ನು ನೆಲದ ಮೇಲೆ ಮಲಗಿಸಿದರೆ ಏನಂದುಕೊಂಡಾರು ಎಂಬ ಮರ್ಯಾದೆಯ ಚಿಂತೆ. ಹೋದ ಈದ್‌ಗೆ ಅದೇ ಮನೆಯ ಹಾಲ್‌ನಲ್ಲಿ ಹನ್ನೊಂದು ಜನ ಸಾಲಾಗಿ ಮಲಗಿದ್ದರಲ್ಲ. ಮಗಳ ಬಾಯಿಗೆ ಮಣ್ಣು ಹಾಕಿದವಳು ತಾನೇ ಅನ್ನಿಸಿತು.

“ನೆಲದ ಮೇಲೆ ಮಲಗಿಸಿದರೆ ನಡೆಯುತ್ತದೆಯೇ?” ಎಂದು ಮೆಲ್ಲಗೆ ಕೇಳಿದಳು.

ಮಾರಿಕೆ ತಲೆ ಎತ್ತಿದಳು. “ಅವರೆಲ್ಲ ಸ್ಲೀಪಿಂಗ್ ಬ್ಯಾಗ್ ತರುತ್ತಾರೆ. ಬೆಚ್ಚಗಿನ ಕೋಣೆ, ಬೆಳಗಿನ ತಿಂಡಿ, ಅಷ್ಟು ಸಾಕು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಆದರೆ ಗಡಿಯಾರದಲ್ಲಿ ಇನ್ನೂ ಎರಡೂಕಾಲು. ಮುಮ್ತಾಜ್ ಕಾರಿಡಾರಿಗೆ ಬಂದು ಶ್ರಾವ್ಯಳಿಗೆ ಫೋನ್ ಹಚ್ಚಿದಳು.

“ಶ್ರಾವ್ಯಾ, ನಿಮ್ಮ ಮನೆ ಗೃಹಪ್ರವೇಶಕ್ಕೆ ಎಷ್ಟು ಜನ ಉಳ್ಕೊಂಡಿದ್ರು?”

“ಒಂಬತ್ತೋ ಹತ್ತೋ. ಯಾಕ್ರೀ?”

“ಮತ್ತೆ ಫಾರ್ಮಲ್ಲಿ ಒಂದು ಅಂತ ಯಾಕೆ ಬರ್ದೆ?”

“ಗೆಸ್ಟ್ ರೂಮಲ್ಲಿರೋದು ಒಂದೇ ಮಂಚ ಅಲ್ವಾ. ಆ ಮಕ್ಕಳನ್ನ ಕೆಳಗೆ ಮಲಗ್ಸೋಕಾಗುತ್ತಾ?”

“ಆಗುತ್ತಂತೆ ಕಣೆ. ಈಗ್ಲೇ ಕೇಳ್ದೆ.”

“ಹಂಗಾದ್ರೆ ನಂಗೆ ಆರು ಜನ ಹಾಕಿ. ನಿತಿನ್ ಅಮ್ಮಂಗೆ ನಾನೇ ಹೇಳ್ತೀನಿ. ಅವ್ರಿಗೂ ಇದೇ ಭ್ರಮೆ ಇರ್ಬೇಕು.”

ಒಬ್ಬರಿಂದೊಬ್ಬರಿಗೆ ಫೋನ್ ಹೋಗಿ, ಮೂರೂವರೆಗೆ ಲೆಕ್ಕ ನಲವತ್ತಮೂರಕ್ಕೆ ಬಂದು ನಿಂತಿತು. ಮಾರಿಕೆ ಹೊಸ ಪಟ್ಟಿ ಹಿಡಿದು ಸಭೆಗೆ ಕೂತಳು. ಮುಮ್ತಾಜ್ ಮನೆಗೆ ಬಂದು, ಕುಡಿಯದ ಚಹಾದ ಮುಂದೆ ಫೋನಿಟ್ಟುಕೊಂಡು ಕೂತಳು. ಐದಕ್ಕೆ ಮಾರಿಕೆಯ ಸಂದೇಶ ಬಂತು: ಶಾಲೆ ಲೀಗಿನಲ್ಲೇ ಉಳಿಯಿತು, ಬ್ರಸೆಲ್ಸಿನವರು ಒಂಬತ್ತನೆಯವರಾಗಿ ಸೇರಿದರು. ಹೋದ ಜೀವ ಬಂದಂತಾಯಿತು ಅವಳಿಗೆ. ಕೂತಲ್ಲೇ ಅತ್ತುಬಿಟ್ಟಳು, ಆಮೇಲೆ ತನಗೇ ನಗು ಬಂತು.

ಪಂದ್ಯಕ್ಕೆ ಇನ್ನೂ ಮೂರು ವಾರವಿತ್ತು. ಆದರೂ ಸೋಫಾ ಗೋಡೆಗೆ ಸರಿಸಿ, ಮನೆಯಲ್ಲಿದ್ದ ರಜಾಯಿಗಳನ್ನೆಲ್ಲ ಹಾಲ್‌ನಲ್ಲಿ ಹಾಸಿ ಎಷ್ಟು ಜನ ಹಿಡಿಯುತ್ತಾರೆಂದು ನೋಡತೊಡಗಿದಳು. ಐದನೆಯದನ್ನು ಹಾಸುವಾಗ ಬಾಗಿಲು ತೆಗೆದ ಸದ್ದಾಯಿತು.

“ಮಾರಿಕೆ ಟೀಚರ್ ಎಲ್ಲ ಹೇಳಿದ್ರು, ಅಮ್ಮೀ,” ಎಂದಳು ಅಲೀಝಾ. ಬ್ಯಾಗನ್ನು ಹೆಗಲಿನಿಂದ ಜಾರಿಸಿ, ಸಾಲಿನ ನಡುವಿನ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು. ಕಾಲಲ್ಲಿ ಕೆಸರು ಮೆತ್ತಿದ ಶೂ ಹಾಗೇ ಇತ್ತು. ಮುಮ್ತಾಜ್ ಅದನ್ನು ನೋಡಿದಳು. ಪಕ್ಕದಲ್ಲಿ ಇನ್ನೊಂದು ರಜಾಯಿ ಬಿಡಿಸಿದಳು.