ಮಾಸ್ಟರ್ ಮಗಳ ಕೈಗುಣ

ಟೇಲರ್ ಮಾಸ್ಟರ್ ಅಂಗಡಿಯ ಕಂಪ್ಯೂಟರಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಮಗಳು ಎದುರಿಗಿದ್ದರೆ ಅದರಷ್ಟು ಸಾಧು ಇನ್ನೊಂದಿಲ್ಲ. ಅವಳು ಬೆನ್ನು ತಿರುಗಿಸಿದ್ದೇ ತಡ, ಪ್ರಾಣ ಬಿಡುತ್ತಿತ್ತು. ಗಿರಾಕಿ ಕುರ್ಚಿಯಲ್ಲಿ ಕೂತು ಪರದೆಯ ಮೇಲೆ ಕಾಲರ್ ಚಿತ್ರಗಳನ್ನು ನೋಡುತ್ತಾ, ಇದಿರಲಿ, ಬೇಡ, ಅದೇ ಇರಲಿ ಎಂದು ತೂಗುತ್ತಿರುವಾಗ ಪರದೆ ಫಕ್ಕನೆ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು. ಮಾಸ್ಟರ್ ಆಗ ಮಗಳಿಗೆ ಫೋನು ಮಾಡುತ್ತಿದ್ದರು. ಅವಳು ಸ್ಕೂಟರ್ ಏರಿ ಬರುವ ಹೊತ್ತಿಗೆ ಅದು ಏನೂ ಆಗಿಲ್ಲವೆಂಬಂತೆ ಬೆಳಗುತ್ತಾ ಕೂತಿರುತ್ತಿತ್ತು.

ಈ ಮಗಳು ಸಾಮಾನ್ಯದವಳಲ್ಲ. ನಾಲ್ಕು ಬೀದಿ ಆಚೆ ಸ್ವಂತ ರಿಪೇರಿ ಅಂಗಡಿ ಇಟ್ಟವಳು. ಕೋಪ ಮೂಗಿನ ತುದಿಯಲ್ಲಿದ್ದರೂ ಕೆಲಸದಲ್ಲಿ ಕೈ ಇಟ್ಟರೆ ಮುಗಿಸದೆ ಏಳುವವಳಲ್ಲ. ಅಪ್ಪನ ಅಂಗಡಿಯ ಆ ಯಂತ್ರವನ್ನು ಅವಳು ಕೊಂಡು ತಂದಿರಲಿಲ್ಲ. ಒಂದೊಂದೇ ಬಿಡಿಭಾಗ ಆರಿಸಿ, ಒಂದೊಂದೇ ಸ್ಕ್ರೂ ತಿರುಗಿಸಿ ತಾನೇ ಜೋಡಿಸಿದ್ದಳು. ಅದು ಅವಳು ಜೋಡಿಸಿದ ಮೊದಲ ಕಂಪ್ಯೂಟರ್.

ಈಗ ಅದರ ಮೇಲೆ ಅವಳ ಹೆಸರೇ ನಿಂತಿತ್ತು. ಊರಿನ ಶಾಲೆಯ ಹೆಡ್‌ಮಿಸ್ಸು ಮಕ್ಕಳ ಕಂಪ್ಯೂಟರ್ ಕೋಣೆಗೆ ಹೊಸ ಯಂತ್ರಗಳನ್ನು ಹಾಕಿಸಬೇಕೆಂದಿದ್ದರು. ಕಂಪನಿಯ ಮಾಲು ತರುವುದೋ, ಇವಳ ಕೈಲಿ ಜೋಡಿಸುವುದೋ ಎಂಬ ಮಾತು ಬಂದಾಗ ಅವರು ನೇರವಾಗಿ ಹೇಳಿದ್ದರು, "ನೀನು ಮಾಡಿದ್ದು ಒಂದು ನಡೆಯೋದನ್ನ ನನ್ನ ಕಣ್ಣಾರೆ ನೋಡ್ಬೇಕು. ಶನಿವಾರ ಬರ್ತೀನಿ." ಇವಳು ಹಿಂದೆಮುಂದೆ ನೋಡದೆ ಅಪ್ಪನ ಅಂಗಡಿಯ ವಿಳಾಸ ಕೊಟ್ಟುಬಿಟ್ಟಿದ್ದಳು. ಶನಿವಾರ ಆ ಹೆಂಗಸಿನ ಮುಂದೆ ಪರದೆ ಕಪ್ಪಾದರೆ ಶಾಲೆಯ ಕೆಲಸವೂ ಹೋಯಿತು, ಈ ಊರಲ್ಲಿ ಮುಂದೆ ಯಾರೂ ಅವಳ ಕೈಲಿ ಹೊಸದನ್ನು ಜೋಡಿಸಿಕೊಳ್ಳುವುದೂ ಇಲ್ಲ.

ಹಾಗಾಗಲಿ ಎಂದು ಕಾಯುತ್ತಿದ್ದವರೊಬ್ಬರು ಎದುರಿಗೇ ಇದ್ದರು. ಅವಳ ಸೋದರಮಾವ. ಮಾಸ್ಟರ್ ಅಂಗಡಿಯ ಎದುರು ಸಾಲಿನಲ್ಲಿ ಅವರದು ರೆಡಿಮೇಡ್ ಬಟ್ಟೆ ಅಂಗಡಿ. ಭಾವ ಹೊಲಿಯುವುದು, ಭಾವಮೈದುನ ಹೊಲಿದದ್ದನ್ನು ತಂದು ಮಾರುವುದು. ಈ ಎರಡರಲ್ಲಿ ಯಾವುದು ಮೇಲೆಂಬ ಜಗಳ ಅವಳು ಹುಟ್ಟುವ ಮೊದಲೇ ಶುರುವಾಗಿತ್ತು. ಕಂಪ್ಯೂಟರ್ ಬಂದ ದಿನ ಮಾವ ರಸ್ತೆ ದಾಟಿ ಬಂದು, ಅದರ ಸುತ್ತ ಒಂದು ಸುತ್ತು ಹಾಕಿ, "ಇದರ ಮೇಲೆ ಹೆಸರೇ ಇಲ್ವಲ್ಲ ಭಾವ, ಯಾವ ಕಂಪನೀದು?" ಎಂದು ಕೇಳಿದ್ದರು. ಉತ್ತರ ಗೊತ್ತಿದ್ದೇ ಕೇಳಿದ್ದು. ಹೋಗುವಾಗ "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಬಾಗಿಲಲ್ಲೇ ಒಂದು ಗಾದೆಯನ್ನೂ ಉದುರಿಸಿ ಹೋಗಿದ್ದರು.

ಮಾಸ್ಟರ್ ಅದಕ್ಕೆ ಅಂದು ಏನೂ ಹೇಳಲಿಲ್ಲ. ಹೇಳುವಂತಿರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಅವರು ಪ್ಯಾಂಟಿನ ಅಂಚು ಮಡಿಸಿಕೊಳ್ಳಲು ಬಂದ ಗಿರಾಕಿಯೊಬ್ಬನನ್ನು ನಿಲ್ಲಿಸಿಕೊಂಡು, ಪ್ಯಾಂಟು ಮರೆತು, ಮಗಳು ಹೇಗೆ ಈ ತಂತಿಯನ್ನು ಆ ತಂತಿಗೆ ಸೇರಿಸಿದಳು ಎಂದು ಶುರುಮಾಡಿದ್ದರು. ಮಗಳಿಗೆ ಕಿವಿಯೆಲ್ಲ ಕೆಂಪಾಗಿತ್ತು. "ಅಪ್ಪಾ, ನಾಲ್ಕು ಜನರ ಮುಂದೆ ನನ್ನ ಮೆರವಣಿಗೆ ಮಾಡ್ಬೇಡ. ಕೆಲಸ ತಾನಾಗೇ ಮಾತಾಡ್ಲಿ" ಎಂದು ಗದರಿದ್ದಳು. ಮಾಸ್ಟರ್ "ಆಯ್ತು ಮಗಳೇ" ಎಂದು ಕೊರಳಲ್ಲಿದ್ದ ಟೇಪನ್ನು ಸರಿಪಡಿಸಿಕೊಂಡಿದ್ದರು. ಅಂದಿನಿಂದ ಅವಳ ಎದುರು ಅವರ ಬಾಯಿಗೆ ಬೀಗ.

ಕೆಲಸ ತಾನಾಗೇ ಮಾತಾಡಲಿ ಎಂದದ್ದೇನೋ ಸರಿ. ಈ ಕೆಲಸ ಮಾತಿನ ಮಧ್ಯೆ ಮೂರ್ಛೆ ಹೋಗುತ್ತಿತ್ತಲ್ಲ!

ಮೊದಲು ಅವಳ ಕಣ್ಣು ಬಿದ್ದದ್ದು ಇಸ್ತ್ರಿ ಪೆಟ್ಟಿಗೆಯ ಮೇಲೆ. ಎರಡಕ್ಕೂ ಒಂದೇ ಸ್ವಿಚ್‌ಬೋರ್ಡು, ಇಸ್ತ್ರಿ ಕಾದಾಗ ಕರೆಂಟು ಕುಗ್ಗುತ್ತಿರಬಹುದೆಂದು ಬೇರೆ ಪಾಯಿಂಟು ಹಾಕಿಸಿದಳು. ಕಂಪ್ಯೂಟರ್ ಮಲಗಿತು. ರ‍್ಯಾಮ್ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಮಲಗಿತು. ಪವರ್ ಸಪ್ಲೈ ಬದಲಿಸಿದಳು. ವಿಂಡೋಸನ್ನು ಒರೆಸಿ ಹೊಸದಾಗಿ ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಾಪ, ತಪ್ಪಿಲ್ಲದ ಬಿಡಿಭಾಗಗಳೆಲ್ಲ ಒಂದೊಂದಾಗಿ ಶಿಕ್ಷೆ ಉಂಡವು. ಬಿಸಿಯಾಗುತ್ತಿದೆಯೇ ಎಂದು ನೋಡಲು ಒಂದು ಬೆಳಗ್ಗೆ ಪೂರ್ತಿ ಎದುರಿಗೇ ಕೂತಳು. ಫ್ಯಾನು ಚೆನ್ನಾಗಿ ತಿರುಗುತ್ತಿತ್ತು, ಒಳಗೆಲ್ಲ ತಣ್ಣಗಿತ್ತು. ಸಮಾಧಾನವಾಗಿ ತನ್ನ ಅಂಗಡಿಗೆ ಹೋಗಿ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಫೋನು ಬಂತು.

"ಮಗಳೇ, ಮತ್ತೆ ಮಲಗ್ತು."

"ಅಪ್ಪಾ, ನೀನೇನು ಮಾಡ್ತಾ ಇದ್ದೆ?"

"ನಾನೇನು ಮಾಡ್ಲಿ? ಇದೆಲ್ಲಾ ನಿನ್ನ ಕೈಗುಣ. ಕೆಲವು ಡಾಕ್ಟರ್ ಬಂದು ಕೈ ಹಿಡಿದ್ರೆ ಸಾಕು, ಜ್ವರ ಇಳಿಯುತ್ತೆ. ನಿನ್ನ ಕಂಡ್ರೆ ಅದಕ್ಕೆ ಗುಣ."

ಕೈಗುಣ ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹಗಲೂ ರಾತ್ರಿ ಕಲಿತದ್ದು ಏನಾಯಿತು ಹಾಗಾದರೆ? "ಯಂತ್ರಕ್ಕೆ ಯಾರ ಕೈ ಅಂತ ಗೊತ್ತಾಗಲ್ಲ ಅಪ್ಪಾ" ಎಂದಳು.

"ಹಾಗಾದ್ರೆ ನೀನಿದ್ದಾಗ ಮಾತ್ರ ಯಾಕೆ ಸರಿ ಇರುತ್ತೆ?"

ಅಪ್ಪನ ಪ್ರಶ್ನೆ ಸರಿಯಾದದ್ದು ಎಂದು ಫೋನಿಟ್ಟ ಮೇಲೆ ಅವಳಿಗೆ ಹೊಳೆಯಿತು. ತಾನಿದ್ದಾಗ ಇಲ್ಲದ್ದು, ತಾನಿಲ್ಲದಾಗ ಇರುವುದು, ಆ ಅಂಗಡಿಯಲ್ಲಿ ಏನಿದೆ? ಸಂಜೆ ಅಮ್ಮನನ್ನು ಹಿಡಿದಳು. ಅಮ್ಮ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಾಕುವವಳು, ಅವಳಿಗೆ ಕಾಣದ್ದು ಏನೂ ಇಲ್ಲ.

"ಅಮ್ಮ, ನಾನು ಹೋದ್ಮೇಲೆ ಅಪ್ಪ ಆ ಕಂಪ್ಯೂಟರಿಗೆ ಏನು ಮಾಡ್ತಾನೆ?"

ಅಮ್ಮ ತುಟಿಗಳ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ತೋರಿಸಿ "ಊಂ ಊಂ" ಎಂದಳು. ಬಾಯಲ್ಲಿ ಪಿನ್ನಿರುವವರನ್ನು ಮಾತಾಡಿಸಬಾರದೆಂಬುದು ಆ ಮನೆಯ ಕಾನೂನು. ಅಮ್ಮ ಆ ವಾರವೆಲ್ಲ ಪಿನ್ನು ಕೆಳಗಿಡಲಿಲ್ಲ.

ಶುಕ್ರವಾರ ಬಂತು. ಸ್ಕೂಟರಿನ ಬ್ರೇಕು ಕೈಕೊಟ್ಟು ಗ್ಯಾರೇಜಿಗೆ ಹೋಗಿತ್ತು. ಅವಳು ಯಾವುದೋ ಕೆಲಸಕ್ಕೆ ಅಪ್ಪನ ಬೀದಿಯ ತುದಿಯ ಅಂಗಡಿಗೇ ನಡೆದು ಬಂದಿದ್ದಾಗ ಫೋನು ಬಡಿದುಕೊಂಡಿತು. "ಮಲಗ್ತು ಮಗಳೇ." ಅವಳು "ಬಂದೆ" ಎಂದಳು. ಎಲ್ಲಿದ್ದೇನೆಂದು ಹೇಳಲು ತೋಚಲಿಲ್ಲ. ಮಾಸ್ಟರಿಗೆ ಎಂದಿನಂತೆ ಸ್ಕೂಟರಿನ ಸದ್ದು ಕೇಳುವವರೆಗೆ ಸಮಯವಿದೆ ಎಂಬ ಧೈರ್ಯ. ಮಗಳು ಹೊಸ್ತಿಲು ತುಳಿದಾಗ ಅವರು ಬಗ್ಗಿ, ಕತ್ತರಿಸುವ ಮೇಜಿನ ಕೆಳಕ್ಕೆ ಏನನ್ನೋ ಕಾಲಿನಿಂದ ತಳ್ಳುತ್ತಿದ್ದರು.

"ಓ, ಇಷ್ಟು ಬೇಗ!" ಎಂದರು. ಮುಖದಲ್ಲಿ ಬೆಲ್ಲ ಕದ್ದ ಕಳೆ.

ಅವಳು ಸಿಪಿಯು ಡಬ್ಬದ ನೆತ್ತಿಯ ಮೇಲೆ ಕೈ ಇಟ್ಟಳು. ಜ್ವರದ ಮಗುವಿನ ಹಣೆಯಂತೆ ಸುಡುತ್ತಿತ್ತು. ಇಷ್ಟು ದಿನ ಅವಳು ಬರುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು. ಬಗ್ಗಿ ನೋಡಿದಳು. ಡಬ್ಬದ ಮುಂದಿನ ಅಂಚಿನಲ್ಲಿ, ಮೇಲಿಂದ ಕೆಳಗೆ ಒಂದೇ ಅಂತರದಲ್ಲಿ, ಬಿಳಿ ಚಾಕ್‌ಪೀಸಿನ ಸಣ್ಣ ಸಣ್ಣ ಕ್ರಾಸುಗಳು. ಬೇರೆ ಯಾರೇ ಆಗಿದ್ದರೂ ಅದನ್ನು ಧೂಳೆಂದು ಒರೆಸುತ್ತಿದ್ದರು. ಇವಳು ಆ ಮೇಜಿನ ಕೆಳಗೆ ಚೂರುಬಟ್ಟೆಯ ಮೇಲೆ ಮಲಗಿ ಬೆಳೆದವಳು. ಅಕ್ಷರಕ್ಕಿಂತ ಮೊದಲು ಅಪ್ಪನ ಚಾಕಿನ ಗುರುತುಗಳನ್ನು ಕಲಿತವಳು. ಗೆರೆ ಎಂದರೆ ಕತ್ತರಿ, ಚುಕ್ಕೆ ಎಂದರೆ ಮಡಿಕೆ, ಕ್ರಾಸು ಎಂದರೆ ಗುಂಡಿ.

"ಅಪ್ಪಾ," ಎಂದಳು ನಿಧಾನವಾಗಿ, "ನೀನು ಇದಕ್ಕೆ ಅಳತೆ ತಗೊಂಡಿದ್ದೀಯಾ?"

ಮಾಸ್ಟರ್ ಹೆಂಡತಿಯ ಮುಖ ನೋಡಿದರು. ಹೆಂಡತಿ ಪಿನ್ನು ಕಚ್ಚಿಕೊಂಡು ಗೋಡೆ ನೋಡಿದಳು. ಕೊನೆಗೆ ಅವರೇ ಬಗ್ಗಿ, ಮೇಜಿನ ಕೆಳಗಿನಿಂದ ಅದನ್ನು ಎಳೆದು ತೆಗೆದರು.

ಅದೊಂದು ಕೋಟು. ಡಬ್ಬಕ್ಕೆ ಹಾಕುವ ಮುಸುಕಲ್ಲ, ಕೋಟು. ಕಡುನೀಲಿ ಸೂಟಿನ ಬಟ್ಟೆ, ಒಳಗೆ ದಪ್ಪ ಕ್ಯಾನ್ವಾಸು, ಅದರ ಮೇಲೆ ಸ್ಯಾಟಿನ್ ಲೈನಿಂಗು. ಮುಂದೆ ಗುಂಡಿಗಳ ಸಾಲು. ಹಿಂದೆ ತಂತಿಗಳು ಬರಲು ಕೈಯಲ್ಲೇ ಕಾಜಾ ಹೊಲಿದ ಪುಟ್ಟ ತೂತುಗಳು, ಉಳಿದದ್ದೆಲ್ಲ ಗಾಳಿ ಕೂಡ ನುಸುಳದಂತೆ ಬಂದೋಬಸ್ತು. ಮದುಮಗನ ಕೋಟಿಗೂ ಅವರು ಇಷ್ಟು ಕಾಳಜಿ ಮಾಡಿದ್ದನ್ನು ಮಗಳು ಕಂಡಿರಲಿಲ್ಲ.

"ಅಪ್ಪಾ, ಇದರ ಉಸಿರು ಕಟ್ಟಿಸಿದ್ದೀಯಲ್ಲ! ಬಿಸಿ ಗಾಳಿ ಹೊರಗೆ ಹೋಗೋದೇ ಹಿಂದಿನಿಂದ. ಸುಟ್ಟು ಹೋಗ್ಬಾರದು ಅಂತ ಪಾಪ ತಾನೇ ಆರಿ ಹೋಗ್ತಾ ಇದೆ."

ಮಾಸ್ಟರಿಗೆ ಅವಮಾನವಾಯಿತು. "ನಾನು ಹೊಲಿದ ಕೋಟಿನಲ್ಲಿ ಇವತ್ತಿನ ತನಕ ಯಾರಿಗೂ ಉಸಿರು ಕಟ್ಟಿಲ್ಲ!" ಎಂದರು. ಆಮೇಲೆ ದನಿ ಇಳಿಸಿ, "ಹಿಂದೆ ಸೀಳು ಬಿಡೋದು ಮನುಷ್ಯರು ಕೂತ್ಕೊಳ್ಳೋಕೆ ಅಂತ. ಇದು ಏಳೋದೂ ಇಲ್ಲ, ಕೂರೋದೂ ಇಲ್ಲ. ಅದಕ್ಕೇ ಬಿಟ್ಟಿಲ್ಲ" ಎಂದು ಸಮಜಾಯಿಷಿ ಕೊಟ್ಟರು.

"ಹೊಲಿದದ್ದು ಸರಿ. ನಾನು ಬಂದಾಗ ಬಿಚ್ಚಿ ಅಡಗಿಸೋದು ಯಾಕೆ?"

"ಮೆರವಣಿಗೆ ಬೇಡ ಅಂದ್ಯಲ್ಲ."

ಅವಳು ಕೋಟನ್ನು ತಿರುಗಿಸಿದಳು. ಎದೆಯ ಮೇಲೆ, ಕಂಪನಿಯವರು ಹೆಸರು ಹಾಕುವ ಜಾಗದಲ್ಲಿ, ಒಂದು ಲೇಬಲ್ ಇತ್ತು. ತನಗೆ ಪೂರ್ತಿ ಒಪ್ಪಿಗೆಯಾದ ಬಟ್ಟೆಗೆ ಮಾತ್ರ ಮಾಸ್ಟರ್ ಲೇಬಲ್ ಹೊಲಿಯುತ್ತಿದ್ದರು. ಒಪ್ಪದಿದ್ದರೆ ಗಿರಾಕಿ ಕಾಲು ಹಿಡಿದರೂ ಇಲ್ಲ. ಈ ಲೇಬಲ್ಲಿನಲ್ಲಿ ಅಂಗಡಿಯ ಹೆಸರಿರಲಿಲ್ಲ. ಹಳದಿ ದಾರದಲ್ಲಿ ಎರಡೇ ಪದ ಕಸೂತಿ ಮಾಡಿತ್ತು: ಮಗಳ ಕೈಕೆಲಸ.

"ನಿಮ್ಮ ಮಾವ ಹೆಸರಿಲ್ಲ ಅಂತ ನಕ್ಕ," ಎಂದರು ಮಾಸ್ಟರ್. "ನೀನಿಲ್ಲದಾಗ ಹಾಕಿದ್ರೆ ನಿನಗೇನು ನಷ್ಟ ಅಂದ್ಕೊಂಡೆ."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು, ಲೇಬಲ್ಲಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಆದರೂ ರಿಪೇರಿಯವಳಲ್ಲವೇ, ಸಾಕ್ಷಿ ಇಲ್ಲದೆ ನಂಬುವವಳಲ್ಲ. ಕಂಪ್ಯೂಟರನ್ನು ಆರಲು ಬಿಟ್ಟು, ಚಾಲೂ ಮಾಡಿ, ತಾನೇ ಕೋಟು ತೊಡಿಸಿ, ಎಲ್ಲ ಗುಂಡಿ ಹಾಕಿ, ಎದುರಿಗೆ ಕೂತಳು. ಪರದೆಯಲ್ಲಿ ಬಿಸಿಯ ಅಂಕಿ ಏರಿತು, ಏರಿತು, ಫಕ್ಕನೆ ಕಪ್ಪು. ಅಷ್ಟು ದಿನಗಳಲ್ಲಿ ಮೊದಲ ಸಲ ಅದು ಅವಳ ಕಣ್ಣೆದುರು ಸತ್ತಿತು, ಅವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಒಳಗೆ ಕುಂದಿರಲಿಲ್ಲ. ತನ್ನ ಜೋಡಣೆಯಲ್ಲಿ ಒಂದು ಎಳೆಯಷ್ಟೂ ಕುಂದಿರಲಿಲ್ಲ. ಕೋಟು ಬಿಚ್ಚಿದ ಮೇಲೆ ಅಂಗಡಿ ಮುಚ್ಚುವವರೆಗೂ ಅದು ನಿಲ್ಲದೆ ನಡೆಯಿತು.

ಶನಿವಾರ ಹೆಡ್‌ಮಿಸ್ಸು ಬಂದರು. ಕರೆಯದಿದ್ದರೂ ಮಾವ ರಸ್ತೆ ದಾಟಿ ಬಂದರು. ಹೆಡ್‌ಮಿಸ್ಸು ಕುರ್ಚಿ ಎಳೆದುಕೊಂಡು ಕೂತು, ಪರೀಕ್ಷೆಗೆ ಬಂದ ಮಗುವನ್ನು ಕಾಡಿಸುವಂತೆ ಆ ಯಂತ್ರವನ್ನು ಕಾಡಿಸಿದರು. ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ತೆರೆದರು, ಒಂದರ ಮೇಲೊಂದು ವಿಡಿಯೊ ಓಡಿಸಿದರು. ಮಾಸ್ಟರ್ ಇಸ್ತ್ರಿ ಪೆಟ್ಟಿಗೆ ಹಿಡಿದು ಒಂದೇ ಅಂಗಿಯನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದರು. ಪರದೆ ಕಣ್ಣು ಮಿಟುಕಿಸಲಿಲ್ಲ.

"ಚೆನ್ನಾಗಿದೆ. ಯಾವ ಕಂಪನೀದು?" ಎಂದರು ಹೆಡ್‌ಮಿಸ್ಸು.

ಮಾವ ಗಂಟಲು ಸರಿಮಾಡಿಕೊಂಡರು. ಮಾಸ್ಟರ್ ತುಟಿ ಬಿಗಿಹಿಡಿದು ಅಂಗಿಯನ್ನೇ ನೋಡುತ್ತಿದ್ದರು. ಮೆರವಣಿಗೆ ಮಾಡುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಿದ್ದರಲ್ಲ.

"ಅಪ್ಪಾ, ನೀನೇ ಹೇಳು" ಎಂದಳು ಮಗಳು.

ಇಷ್ಟು ದಿನ ಆ ಮಾತಿಗೆ ಹಸಿದಿದ್ದ ಮನುಷ್ಯನಿಗೆ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಮೇಜಿನ ಕೆಳಗೆ ಬಗ್ಗಿ ಕೋಟನ್ನು ತೆಗೆದು ಹೆಡ್‌ಮಿಸ್ಸಿನ ಕೈಗಿಟ್ಟರು. ಅವರು ಲೇಬಲ್ ಓದಿದರು. ಇದೇನೆಂಬಂತೆ ಹುಬ್ಬೇರಿಸಿದರು. ಮಗಳು ಒಂದನ್ನೂ ಮುಚ್ಚಿಡಲಿಲ್ಲ. ರ‍್ಯಾಮ್ ಉಜ್ಜಿದ್ದು, ಪವರ್ ಸಪ್ಲೈ ಬದಲಿಸಿದ್ದು, ಚಾಕಿನ ಕ್ರಾಸು ಕಂಡದ್ದು, ಎಲ್ಲ ಹೇಳಿದಳು. "ನಾನೇ ಜೋಡಿಸಿದ್ದು ಮೇಡಂ. ವಾರವೆಲ್ಲಾ ಮಲಗ್ತಾನೇ ಇತ್ತು. ತಪ್ಪು ಒಳಗಿರ್ಲಿಲ್ಲ, ಮೈಮೇಲಿತ್ತು."

ಹೆಡ್‌ಮಿಸ್ಸು ನಕ್ಕದ್ದನ್ನು ಆ ಊರಲ್ಲಿ ಕಂಡವರು ಕಡಿಮೆ. ಅಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು ಹೇಳಿದರು, "ವಾರವೆಲ್ಲಾ ಉಸಿರು ಕಟ್ಟಿಸಿದ್ರೂ ಒಳಗೆ ಒಂದೂ ಕೆಟ್ಟಿಲ್ಲ ಅಂದ್ರೆ, ನಮ್ಮ ಮಕ್ಕಳ ಕೈಗೆ ಇಂಥದ್ದೇ ಸರಿ. ಎಲ್ಲವನ್ನೂ ನೀನೇ ಜೋಡಿಸಿ ಕೊಡು. ಮಾಸ್ಟ್ರೇ, ಕೋಟು ಬೇಡ. ಆದ್ರೆ ಈ ಲೇಬಲ್ ಪ್ರತಿಯೊಂದರ ಮೇಲೂ ಇರ್ಲಿ."

ಮೂಲೆಯಲ್ಲಿ ಅಮ್ಮ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ತಮ್ಮಾ, ಹೆಗ್ಗಣ ನೋಡಿದ್ಯಾ?" ಎಂದಳು. ತಮ್ಮನಿಗೆ ತನ್ನ ಅಂಗಡಿಗೆ ಗಿರಾಕಿ ಬಂದದ್ದು ಆಗಲೇ ಕಂಡಿತು.

ಹೆಡ್‌ಮಿಸ್ಸು ಹೋದ ಮೇಲೆ ಪ್ಯಾಂಟು ಹಿಡಿದು ಒಬ್ಬ ಗಿರಾಕಿ ಒಳಗೆ ಬಂದ. ಅಂಚು ಮಡಿಸಬೇಕಿತ್ತು, ಅವಸರದಲ್ಲಿದ್ದ. ಮಾಸ್ಟರ್ ಪ್ಯಾಂಟು ತೆಗೆದುಕೊಂಡು, ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು.

"ಕೂತ್ಕೊಳಿ ಸ್ವಾಮಿ," ಎಂದರು ಮಾಸ್ಟರ್. "ಈ ಕಂಪ್ಯೂಟರ್ ನೋಡಿದ್ರಲ್ಲ? ಇದನ್ನ ಜೋಡಿಸಿದ್ದು ಯಾರು ಗೊತ್ತಾ?"

ಅವಳ ಅಂಗಡಿಯಲ್ಲಿ ಬೆಟ್ಟದಷ್ಟು ಕೆಲಸ ಕಾಯುತ್ತಿತ್ತು. ಆದರೂ ಸ್ಟೂಲೊಂದನ್ನು ಎಳೆದುಕೊಂಡು ಅಪ್ಪನ ಪಕ್ಕದಲ್ಲೇ ಕೂತಳು. ಕಿವಿ ಕೆಂಪಾದರೆ ಆಗಲಿ ಎಂದು, ಅವರು ಮುಗಿಸುವವರೆಗೂ ಕೇಳಿದಳು.