ತಿದ್ದಬಾರದು

ತಿದ್ದುವುದು ಅಂದರೆ ಯಾವ ತಿದ್ದುವುದು?

ಅವನು ಸುತ್ತೋಲೆಯ ಏಳನೇ ಅಂಶವನ್ನು ಮೂರನೇ ಸಲ ಓದಿದ. 'ಮುಂದಿನ ಅವಧಿಯಿಂದ ಒಂದು ಮತ್ತು ಎರಡನೇ ತರಗತಿಗಳಲ್ಲಿ ತಿದ್ದುವ ಪದ್ಧತಿಯನ್ನು ಕೈಬಿಡಲಾಗಿದೆ.' ಚುಕ್ಕೆಯಿಟ್ಟ ಅಕ್ಷರದ ಮೇಲೆ ಮಕ್ಕಳು ಪೆನ್ಸಿಲ್ ಆಡಿಸುವುದೂ ತಿದ್ದುವುದೇ. ಆಮೇಲೆ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಕೂರುವುದೂ ತಿದ್ದುವುದೇ. ಇಪ್ಪತ್ತೊಂದು ವರ್ಷ ಒಂದನ್ನು ಮಾಡಿಸಿ, ಇನ್ನೊಂದನ್ನು ಮಾಡಿ, ಎರಡಕ್ಕೂ ಒಂದೇ ಮಾತಿದೆ ಎಂಬುದು ಅವನಿಗೆ ಹೊಳೆದದ್ದು ಇವತ್ತು.

"ಎರಡೂ ಅಂತ ಬರೀರಿ," ಎಂದರು ಮುಖ್ಯೋಪಾಧ್ಯಾಯಿನಿ. "ಇಲಾಖೆಗೆ ಫೋನ್ ಮಾಡಿ ಕೇಳ್ದೆ. ಅವರಿಗೂ ಗೊತ್ತಿಲ್ಲ. ಎರಡೂ ಅಂದ್ಬಿಟ್ರೆ ತಲೆನೋವಿಲ್ಲ."

"ಮತ್ತೆ ನಾನು?"

"ನೀವೇನು?"

"ನಾನೇನ್ ಮಾಡ್ಲಿ ಮೇಡಂ, ಮುಂದಿನ ಅವಧೀಲಿ?"

"ಆಡ್ಸಿ, ಹಾಡ್ಸಿ. ಮಕ್ಕಳು ತಾವಾಗೇ ಕಲೀತಾರಂತೆ." ಅವರು ಗಡಿಯಾರ ನೋಡಿದರು. "ಪೋಷಕರ ಪತ್ರ ಎರಡು ಗಂಟೆಗೆ ಬೇಕು. ನಿಮ್ಮ ಭಾಷೆ ಶುದ್ಧ ಅಂತ ನಿಮಗೇ ಕೊಟ್ಟಿರೋದು."

ನಿಮ್ಮ ಗುಂಡಿ ನೀವೇ ತೋಡಿಕೊಳ್ಳಿ, ಅಂಚು ಮಾತ್ರ ನೀಟಾಗಿರಲಿ ಎಂದಂತಾಯಿತು. ಅವನು ತಲೆಯಾಡಿಸಿ ಹೊರಬಂದ. ಭಾಷೆ ಶುದ್ಧ ಎಂದದ್ದಕ್ಕೆ ಒಳಗೊಳಗೇ ಖುಷಿಯಾಗಿತ್ತು. ಅದಕ್ಕೆ ನಾಚಿಕೆಯೂ ಆಯಿತು.

ಸ್ಟಾಫ್ ರೂಮಿನ ಉದ್ದ ಮೇಜಿನ ತುದಿಯಲ್ಲಿ ಕೂತು ಬರೆಯತೊಡಗಿದ. ಓಟದಲ್ಲಿ ಗೆದ್ದವರು, ಹೊಸ ಜಾರುಬಂಡಿ, ರಿಪೇರಿಯಾದ ನಲ್ಲಿಗಳು, ಹಲ್ಲಿನ ಡಾಕ್ಟರು ಬಂದು ಹೋದದ್ದು. ಸಲೀಸಾಗಿ ಬಂತು. ಎದುರಿಗೆ ಗಣಿತದ ಮೇಷ್ಟ್ರು ಟಿಫನ್ ಡಬ್ಬಿ ತೊಳೆದು ತಂದು ಒರೆಸುತ್ತಿದ್ದರು.

"ಏನ್ ಸಾರ್, ಕೆಂಪು ಪೆನ್ನಿಗೆ ನಿವೃತ್ತಿಯಂತೆ. ಸನ್ಮಾನ ಯಾವಾಗ?"

"ನೋಡೋಣ."

"ಬೇಜಾರ್ ಮಾಡ್ಕೋಬೇಡಿ. ಮನೇಲಿ ತಿದ್ಕೊಂಡಿರಿ. ಅಲ್ಲಿಗೆ ಸುತ್ತೋಲೆ ಬರಲ್ಲ."

ಅವನು ನಕ್ಕ. ನಗು ಮುಗಿದ ಮೇಲೂ ತುಟಿ ಹಾಗೇ ಉಳಿದಿತ್ತು. 'ಮಕ್ಕಳು ಇನ್ನು ಮುಂದೆ ತಪ್ಪಿನ' ಎಂದು ಬರೆದು, ಮುಂದಿನ ಶಬ್ದದ ಮೊದಲ ಅಕ್ಷರಕ್ಕೆ ಕೈ ತಡೆಯಿತು.

ಭಯ.

ಎಂಟು ತಿಂಗಳ ಹಿಂದೆ ಮಗಳು ಹಾಸ್ಟೆಲಿನಿಂದ ಕಾಗದ ಬರೆದಿದ್ದಳು. ಅಲ್ಲಿ ಮೊದಲ ತಿಂಗಳು ಫೋನ್ ಕೊಡುತ್ತಿರಲಿಲ್ಲ. 'ಅಪ್ಪಾ, ಅಮ್ಮಂಗೆ ಹೇಳ್ಬೇಡಿ. ನಂಗೆ ಇಲ್ಲಿ ಬಯ ಆಗ್ತಿದೆ. ಬಂದು ಕರ್ಕೊಂಡು ಹೋಗಿ.' ಮೇಷ್ಟ್ರ ಮಗಳು, ಆರನೇ ವಯಸ್ಸಿನಿಂದ ಈಚೆಗೆ ಮಹಾಪ್ರಾಣ ಬಿಟ್ಟು ಬರೆದವಳಲ್ಲ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. 'ಬಯ'ಕ್ಕೆ ಕೆಂಪು ಸುತ್ತು ಹಾಕಿ, ಮೇಲೆ 'ಭಯ' ಎಂದು ಬರೆದ. ನಂಗೆ ಅಲ್ಲ, ನನಗೆ. ಕೆಳಗೆ, ತಮಾಷೆಗೆಂದು, ಹತ್ತಕ್ಕೆ ಏಳು. ಅದೇ ಕಾಗದವನ್ನು ಲಕೋಟೆಯಲ್ಲಿಟ್ಟು ವಾಪಸು ಕಳಿಸಿದ. ಅಂಚೆ ಡಬ್ಬಿಗೆ ಹಾಕುವಾಗ ಅವಳು ನಗುತ್ತಾಳೆ ಎಂದುಕೊಂಡಿದ್ದ.

ಆಮೇಲಿಂದ ಅವಳು ಬರೆಯುವುದೆಲ್ಲ ಮೊಬೈಲಿನಲ್ಲಿ, ತಿಂಗಳಿಗೊಮ್ಮೆ. 'ಆರೋಗ್ಯವಾಗಿದ್ದೇನೆ. ಪರೀಕ್ಷೆ ಮುಗಿಯಿತು.' ಕಾಗುಣಿತ, ಒತ್ತಕ್ಷರ, ಚುಕ್ಕೆ ಎಲ್ಲ ಸರಿ. ಹಿಂದಿನ ರಜೆಗೆ ಮನೆಗೆ ಬರಲಿಲ್ಲ. ಈ ಸಲ ಬರುತ್ತಾಳೋ ಇಲ್ಲವೋ ಇವತ್ತು ತಿಳಿಯಬೇಕಿತ್ತು.

"ನೀವೇ ಕೇಳಿ," ಎಂದಿದ್ದಳು ಹೆಂಡತಿ, ಬೆಳಿಗ್ಗೆ ಅವನ ಕಡೆ ನೋಡದೆ. "ನಾನ್ ಕೇಳಿದ್ರೆ, ಅಪ್ಪ ಮನೇಲಿರ್ತಾರಾ ಅಂತಾಳೆ."

ಏನು ಭಯವಿತ್ತು ಎಂದು ಅವನು ಇವತ್ತಿನವರೆಗೂ ಕೇಳಿರಲಿಲ್ಲ.

ಈಗ ಮೊಬೈಲ್ ತೆಗೆದ. 'ಆಗ ನಿನಗೆ ಯಾಕೆ ಭಯವಾಗಿತ್ತು ಪುಟ್ಟಿ' ಎಂದು ಟೈಪ್ ಮಾಡಿದ. ಪುಟ್ಟಿಯ ಹಿಂದೆ ಅಲ್ಪವಿರಾಮ ಬೇಕೇ ಎಂಬ ಯೋಚನೆ ಬಂತು. ತನ್ನ ಮೇಲೇ ಹೇಸಿಗೆಯಾಗಿ ಎಲ್ಲ ಅಳಿಸಿದ. ಬದಲಿಗೆ ಪೋಷಕರ ಪತ್ರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುಗಿಸಿದ. ಕೊನೆಯ ವಾಕ್ಯ ಹೀಗಿತ್ತು: 'ಮಕ್ಕಳು ಇನ್ನು ಮುಂದೆ ತಪ್ಪಿನ ಬಯವಿಲ್ಲದೆ ಬರೆಯಲಿ.' ಬೇಕೆಂದೇ ಬ. ಇಪ್ಪತ್ತೊಂದು ವರ್ಷದಲ್ಲಿ ತಿಳಿದೂ ಮಾಡಿದ ಮೊದಲ ತಪ್ಪು.

ಮಗಳಿಗೆ ಕಳಿಸಿದ. 'ಶಾಲೆಯ ಪತ್ರ. ತಪ್ಪಿದ್ದರೆ ತಿದ್ದಿಕೊಡು ಪುಟ್ಟಿ. ರಜೆಗೆ ಬರ್ತೀಯಲ್ಲ?'

ಬೈದರೂ ಸಾಕಾಗಿತ್ತು. ಹತ್ತಕ್ಕೆ ಸೊನ್ನೆ ಎಂದಿದ್ದರೂ ಕುಣಿದುಬಿಡುತ್ತಿದ್ದ.

ಅವಳು ನೋಡಿದ್ದು ತಿಳಿಯಿತು. ಏನೋ ಟೈಪ್ ಮಾಡುತ್ತಿದ್ದಾಳೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಎರಡಕ್ಕೆ ಐದು ನಿಮಿಷವಿದ್ದಾಗ ಉತ್ತರ ಬಂತು.

'ಓದಿದೆ. ತಪ್ಪಿಲ್ಲ. ರಜೆಯಲ್ಲಿ ಇಲ್ಲಿಯೇ ಇರುತ್ತೇನೆ.'

ಮುಖ್ಯೋಪಾಧ್ಯಾಯಿನಿ ಪತ್ರದ ಕೆಳಗೆ ಸಹಿ ಹಾಕಿದರು.

"ಓದಿ ನೋಡಿ ಮೇಡಂ."

"ನೀವು ಬರೆದ್ಮೇಲೆ ನೋಡೋದೇನಿದೆ?"

"ಒಂದ್ಸಲ..."

"ಅಯ್ಯೋ, ಬಿಡಿ ಸಾರ್."

ಅದು ನಾನೂರು ಪ್ರತಿಯಾಗಿ ಯಂತ್ರದಿಂದ ಹೊರಬಂತು. ಯಾರ ಕಣ್ಣಿಗೂ ಏನೂ ಬೀಳಲಿಲ್ಲ.

ಕೊನೆಯ ಪೀರಿಯಡ್ ಎರಡನೇ ತರಗತಿಯಲ್ಲಿ. ಮಕ್ಕಳು ಎದ್ದು ನಿಂತು, ರಾಗವಾಗಿ ನಮಸ್ತೆ ಹೇಳಿ, ಕೂತರು. ಅವನು ಒಬ್ಬೊಬ್ಬರಿಗೂ ಒಂದೊಂದು ಗೆರೆ ಹಾಳೆ ಕೊಟ್ಟ. ಕಪ್ಪುಹಲಗೆಯ ಮೇಲೆ ಏನೂ ಬರೆಯಲಿಲ್ಲ.

"ಇವತ್ತು ನಿಮಗೆ ಏನು ಬೇಕೋ ಅದನ್ನ ಬರೀರಿ."

"ಏನ್ ಬೇಕು ಸರ್?"

"ನಿಮ್ಮಿಷ್ಟ. ನಾನು ತಿದ್ದಲ್ಲ."

ಗುಸುಗುಸು ನಿಂತಿತು. ಮುಂದಿನ ಬೆಂಚಿನಲ್ಲಿ, ಎರಡು ಹಲ್ಲು ಬಿದ್ದ ಹುಡುಗಿ ಎದ್ದು ನಿಂತಳು. "ತಿದ್ದಲ್ಲ ಅಂದ್ರೆ, ಓದೋದೂ ಇಲ್ವಾ ಸರ್?"

ಅವನು ಇಷ್ಟು ವರ್ಷ ಸಾವಿರಾರು ಪುಸ್ತಕ ತಿರುವಿದ್ದಾನೆ. ಯಾವ ಮಗು ಏನು ಬರೆದಿತ್ತೆಂದು ಒಂದೂ ನೆನಪಿಲ್ಲ.

"ಓದ್ತೀನಿ," ಎಂದ. "ಬರೀರಿ."

ಮಕ್ಕಳು ಕಪ್ಪುಹಲಗೆ ನೋಡಿದರು. ಅವನ ಮುಖ ನೋಡಿದರು. ಪಕ್ಕದವರ ಹಾಳೆ ನೋಡಿದರು. ಬಹಳ ಹೊತ್ತು ಯಾರೂ ಕೈ ಆಡಿಸಲಿಲ್ಲ. ಆಮೇಲೆ ಆ ಹುಡುಗಿ ಪೆನ್ಸಿಲ್ ಊರಿ, ಹಾಳೆಯಲ್ಲಿ ಅಚ್ಚಾಗಿದ್ದ ತೆಳು ನೀಲಿ ಗೆರೆಯ ಮೇಲೆ, ಆ ತುದಿಯಿಂದ ಈ ತುದಿಗೆ, ನಿಧಾನವಾಗಿ ತಿದ್ದತೊಡಗಿದಳು. ಪಕ್ಕದವಳು ಇಣುಕಿ ನೋಡಿ ಶುರುಮಾಡಿದಳು. ಅವಳ ಹಿಂದಿನವನು, ಅವನ ಹಿಂದಿನವರು. ಮೂವತ್ತೆಂಟು ತಲೆಗಳು ಬಗ್ಗಿದವು. ಕೋಣೆಯಲ್ಲಿ ಪೆನ್ಸಿಲ್ ಉಜ್ಜುವ ಸದ್ದು ಮಾತ್ರ ಇತ್ತು. ಮೊದಲ ಗೆರೆ, ಎರಡನೆಯದು, ಕೊನೆಯದು. ಮುಗಿಸಿದವರು ಮತ್ತೆ ಮೇಲಿನಿಂದ, ಇನ್ನೂ ಒತ್ತಿ.

ಸಾಕು ಎನ್ನಲು ಅವನು ಬಾಯಿ ತೆರೆದ. ಮುಂದಿನ ಬೆಂಚಿನ ಹುಡುಗಿಯ ಹಾಳೆ ಗೆರೆಯುದ್ದಕ್ಕೂ ಸೀಳಿತ್ತು. ಅವಳ ಪೆನ್ಸಿಲ್ ಈಗ ಬೆಂಚಿನ ಮರದ ಮೇಲೆ ಹೋಗಿ ಬರುತ್ತಿತ್ತು.